ಹುಲಿಯ ಬರಿಗೆನ್ನೆ

ಕಳೆದ ವಾರ ಪಕ್ಕದ ಮನೆಗೆ ಹಳೆಯ ಬೀರುವಿನ ಬಾಗಿಲು ಸರಿಮಾಡಲು ಬಡಗಿಯೊಬ್ಬ ಬಂದಿದ್ದ. ವಯಸ್ಸಾದವನು. ಈಗಿನವರು ಬಾಟಲಿಯಿಂದ ಹಿಂಡುವ ಬಿಳಿ ಅಂಟು ಅವನಿಗೆ ಹಿಡಿಸುವುದಿಲ್ಲವೆಂದು ಕಾಣುತ್ತದೆ. ಹಿತ್ತಿಲಲ್ಲಿ ಕಲ್ಲು ಹೂಡಿ, ತಗಡಿನ ಡಬ್ಬಿಯಲ್ಲಿ ವಜ್ರ ಕಾಯಿಸಲು ಇಟ್ಟಿದ್ದ. ವಜ್ರವೆಂದರೆ ಉಂಗುರದ ಹರಳಲ್ಲ, ಚಕ್ಕಳ ಮೂಳೆ ಬೇಯಿಸಿ ತೆಗೆದ ಅಂಟು. ಅದು ಕಾದಾಗ ಬರುವ ನಾತ ಕೇರಿಗೆಲ್ಲ ಹಬ್ಬುತ್ತದೆ. ನನ್ನ ಸೊಸೆ ಮೂಗಿಗೆ ಸೆರಗು ಹಿಡಿದು ಕಿಟಕಿ ಮುಚ್ಚಲು ಹೋದಳು.

"ತೆಗೆದೇ ಇರಲಿ ಬಿಡು" ಎಂದೆ.

ಅವಳು ನನ್ನನ್ನೇ ನೋಡಿದಳು. ಅಂಥ ನಾತವನ್ನು ಬೇಕೆಂದು ಮೂಸುವ ಮುದುಕಿಯನ್ನು ಅವಳು ಬೇರೆಲ್ಲೂ ಕಂಡಿರಲಿಕ್ಕಿಲ್ಲ. ನನಗೆ ಆ ವಾಸನೆ ಎಂದರೆ ಬೆಟ್ಟ... ಬೆಟ್ಟದ ಬಂಡೆಯ ಮೇಲೆ ಕೂತ ಹುಲಿ... ಅದನ್ನು ಬರೆದ ಪರದೆ ಸಾಹೇಬರು.

ನಾನು ಮದುವೆಯಾಗಿ ದಾವಣಗೆರೆಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮನೆಯವರದು ಪೇಟೆಯಲ್ಲಿ ಫೋಟೋ ಸ್ಟುಡಿಯೋ. ಮುಂದೆ ಸ್ಟುಡಿಯೋ, ಹಿಂದೆ ನಮ್ಮ ಸಂಸಾರ, ನಡುವೆ ಒಂದು ಬಾಗಿಲು. ಸೂರಿನ ಒಂದು ಮಗ್ಗುಲಿನ ಹೆಂಚು ತೆಗೆಸಿ ಗಾಜು ಹಾಕಿಸಿದ್ದರು. ಆ ಬೆಳಕಿನಲ್ಲೇ ಫೋಟೋ ತೆಗೆಯುವುದು. ಹಿಂದಿನ ಗೋಡೆಗೆ ಕಂಬ, ಮೆಟ್ಟಿಲು, ಹೂಕುಂಡ ಬರೆದ ಪರದೆಯೊಂದು ಇಳಿಬಿದ್ದಿತ್ತು. ಎಷ್ಟೋ ಮದುಮಕ್ಕಳು ಆ ಮೆಟ್ಟಿಲಿನ ಮುಂದೆ ಬೆವರುತ್ತ ನಿಂತು ಹೋಗಿದ್ದರು.

ಜನಕ್ಕೆ ಅದು ಸಾಕಾಗಿತ್ತು. ನಮ್ಮದು ಹತ್ತಿ ಜೋಳ ಬೆಳೆಯುವ ಬಯಲು ನೆಲ. ಲೋಕಿಕೆರೆಯಿಂದಲೋ ಭಾನುವಳ್ಳಿಯಿಂದಲೋ ಗಾಡಿ ಕಟ್ಟಿಕೊಂಡು ಬಂದವರಿಗೆ ಫೋಟೋದಲ್ಲಾದರೂ ತಮ್ಮ ಹಿಂದೆ ಬೇರೆ ಏನಾದರೂ ಇರಲಿ ಎಂಬ ಆಸೆ. "ಗುಡ್ಡದ ಪರದೆ ಇಲ್ಲೇನ್ರಿ? ಹುಲಿ ಗಿಲಿ ಇದ್ದಿದ್ರೆ ಚೆಂದಿತ್ತು" ಎನ್ನುತ್ತಿದ್ದರು. ನಮ್ಮನೆಯವರು ಕೊನೆಗೆ ಮನಸ್ಸು ಮಾಡಿ ಹರಿಹರದಿಂದ ಸಾಹೇಬರನ್ನು ಕರೆಸಿದರು.

ಸಾಹೇಬರು ಅದುವರೆಗೆ ನಾಟಕದ ಕಂಪನಿಗಳಿಗೆ ಪರದೆ ಬರೆದುಕೊಂಡಿದ್ದವರು. ಅರಮನೆ ಪರದೆ, ಬೀದಿ ಪರದೆ, ಕಾಡಿನ ಪರದೆ. ಸಿನಿಮಾ ಟಾಕೀಸುಗಳು ಎದ್ದ ಮೇಲೆ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದವು, ಇವರ ಕೈಗೆ ಕೆಲಸ ಕಡಿಮೆಯಾಗಿತ್ತು. ಬೆಳಗಿನ ಬಸ್ಸಿಗೆ ಬರುವರು, ಸಂಜೆ ಬಸ್ಸಿಗೆ ಹರಿಹರಕ್ಕೆ ಮರಳುವರು. ತೆಳ್ಳಗಿನ ಉದ್ದನೆಯ ಆಳು. ಪೈಜಾಮದ ಮೊಣಕಾಲಿನ ಮೇಲೆ ಹಳೆಯ ಅರಮನೆಗಳ ಬಣ್ಣವೆಲ್ಲ ಒಣಗಿ ಕೂತಿತ್ತು. ನನ್ನನ್ನು ಮೊದಲು ಅಮ್ಮಾರೆ ಎಂದು ಕರೆದರು. ಚಹಾ ಕೊಟ್ಟೂ ಕೊಟ್ಟೂ ಬೇಟಿಯಾದೆ.

ಮೊದಲ ದಿನವೇ ಅವರಿಗೂ ನಮ್ಮನೆಯವರಿಗೂ ಜಟಾಪಟಿ. ಆಗಿನ ಫೋಟೋ ಕಪ್ಪು ಬಿಳುಪಿನದು. ಅದಕ್ಕೆ ಬಣ್ಣದ ಪರದೆ ಹೊಂದುವುದಿಲ್ಲ. ಕಪ್ಪು, ಬಿಳಿ, ನಡುವಿನ ಬೂದಿ ಇಷ್ಟರಲ್ಲೇ ಬರೆಯಬೇಕು.

"ಹುಲಿಗೆ ಬೂದಿ ಬಳೀಬೇಕೇನ್ರಿ?" ಎಂದರು ಸಾಹೇಬರು. "ಅದೇನು ಬೈರಾಗಿನಾ?"

"ಕ್ಯಾಮೆರಾಕ್ಕೆ ಬಣ್ಣ ಕಾಣಂಗಿಲ್ಲ ಸಾಹೇಬ್ರೆ."

"ಕ್ಯಾಮೆರಾಕ್ಕೆ ಕಾಣದಿದ್ರೆ ಹೋತು. ಹುಲಿಗೆ ಕಾಣಬೇಕಲ್ರಿ!"

ಕೊನೆಗೆ ಒಪ್ಪಿದರು. ದೀಪದ ಮಸಿ ಕಪ್ಪಿಗೆ, ಸಫೇದಾ ಬಿಳಿಗೆ. ಸಫೇದಾ ಎಂದರೆ ಹಿಟ್ಟಿನಂತೆ ನುಣುಪಾದ ಬಿಳಿ ಪುಡಿ. ಅದನ್ನು ಕಲ್ಲಿನ ಮೇಲೆ ಅರೆದು, ಕಾಯಿಸಿದ ವಜ್ರಕ್ಕೆ ಕಲಸಿ ಬಳಿಯುವರು. ಬೂದಿ ಬಣ್ಣದ ಪರದೆಗೆ ಎಷ್ಟು ಬಿಳಿ ಬೇಕು ಎಂಬುದು ನನಗೆ ಗೊತ್ತಾದದ್ದು ಆಗಲೇ. ಮೋಡವೆಲ್ಲ ಸಫೇದಾ, ಮಂಜೆಲ್ಲ ಸಫೇದಾ, ಬಂಡೆಯ ಮೇಲಿನ ಬಿಸಿಲೂ ಸಫೇದಾ. ಗಾಳಿಗೆ ಪುಡಿ ಹಾರುತ್ತದೆಂದು ಬಾಗಿಲು ಹಾಕಿಕೊಂಡೇ ಅರೆಯುತ್ತಿದ್ದರು. ಸಂಜೆ ಹೊರಗೆ ಬಂದಾಗ ಅವರ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ನಾನು ನಗುತ್ತಿದ್ದೆ. ಹಿಟ್ಟಿನ ಗಿರಣಿಯವನ ಹಾಗೆ ಕಾಣುತ್ತೀರಿ ಎಂದರೆ ಅವರೂ ನಗುತ್ತಿದ್ದರು.

ದಿನ ಕಳೆದಂತೆ ಗೋಡೆಯ ಮೇಲೆ ಬೆಟ್ಟ ಎದ್ದಿತು. ಒಂದರ ಹಿಂದೆ ಒಂದು ಸಾಲು, ಹಿಂದಿನದು ಮಂಜಿನಲ್ಲಿ ಕರಗಿದಂತೆ. ಕಂಪನಿಯ ಜೊತೆ ತಿರುಗಾಡುವಾಗ ಘಟ್ಟದ ಕಡೆ ನೋಡಿದ್ದರಂತೆ. ಬೆಟ್ಟ ಅಷ್ಟು ಚೆನ್ನಾಗಿ ಬರೆಯುವ ಮನುಷ್ಯನಿಗೆ ಪ್ರಾಣಿಗಳು ಮಾತ್ರ ಊರಿನವೇ ಆಗಿಬಿಡುತ್ತಿದ್ದವು. ಕಾಡುಕೋಣ ನಮ್ಮ ಬೀದಿಯ ಎಮ್ಮೆಯೇ. ಜಿಂಕೆಗೆ ಕೊಂಬು ಬಂದರೂ ಮುಖ ಬರಲಿಲ್ಲ.

"ಇದು ಜಿಂಕೆ ಅಲ್ರಿ, ಆಡು" ಎಂದೆ ಒಂದು ದಿನ.

"ಇರ್ಲಿ ಬಿಡ್ರಿ ಬೇಟಿ, ಬಕ್ರೀದಿಗೆ ಬರ್ತೈತೆ" ಎಂದರು.

ಆದರೆ ಹುಲಿ ಹಾಗಾಗಲಿಲ್ಲ. ದಾವಣಗೆರೆಗೆ ಸರ್ಕಸ್ ಬಂದಾಗಲೆಲ್ಲ ಆಟಕ್ಕೆ ಹೋಗದೆ, ಬೋನಿನ ಮುಂದೆ ನಿಂತು ಹುಲಿಯನ್ನು ನೋಡಿ ಬರುತ್ತಿದ್ದರಂತೆ. ಬಂಡೆಯ ಮೇಲೆ ಮುಂಗಾಲು ಚಾಚಿ, ನಮ್ಮನ್ನೇ ನೇರವಾಗಿ ನೋಡುತ್ತ ಕೂತ ಹುಲಿ. ಅದಕ್ಕೆ ಸಿಟ್ಟಿರಲಿಲ್ಲ. ಕಾದು ಕಾದು ಬೇಸತ್ತ ಮುಖ. ಬೋನಿನ ಸರಳನ್ನೊಂದು ಬಿಟ್ಟು ಉಳಿದುದನ್ನೆಲ್ಲ ಸಾಹೇಬರು ಕಾಡಿಗೆ ತಂದಿದ್ದರು. ನಾನು ಮೊದಲ ಬಾರಿ ಅದರ ಕಣ್ಣಿಗೆ ಕಣ್ಣು ಕೊಟ್ಟಾಗ, ಯಾರೋ ಗಂಡಸರು ಎದುರಿಗೆ ಬಂದಂತೆ ಸೆರಗು ಸರಿಮಾಡಿಕೊಂಡೆ.

ಸಣ್ಣ ಗೆರೆ ಎಳೆಯುವಾಗ ಸಾಹೇಬರದೊಂದು ಪದ್ಧತಿ. ಕುಂಚವನ್ನು ಬಣ್ಣಕ್ಕೆ ಅದ್ದಿ, ತುಟಿಗಳ ನಡುವೆ ಇಟ್ಟು ಮೆಲ್ಲನೆ ಎಳೆಯುವರು. ಕೂದಲೆಲ್ಲ ಒಂದಾಗಿ ಸೂಜಿಮೊನೆಯಾಗುತ್ತಿತ್ತು. ಅದಕ್ಕೆ ಅವರು 'ತುಟಿ ಕೊಡೋದು' ಎನ್ನುತ್ತಿದ್ದರು. ಪರದೆ ಬರೆಯುವವರೆಲ್ಲ ಹಾಗೇ ಮಾಡುವುದಂತೆ, ಉಸ್ತಾದರು ಕಲಿಸುವ ಮೊದಲ ಪಾಠವೇ ಅದಂತೆ. "ನೀರು ಕೊಟ್ರೆ ಕುಂಚ ಕೆಲಸ ಮಾಡ್ತೈತೆ. ತುಟಿ ಕೊಟ್ರೆ ಮಾತು ಕೇಳ್ತೈತೆ" ಎಂದಿದ್ದರು. ನಾನೂ ಸೂಜಿಗೆ ದಾರ ಪೋಣಿಸುವಾಗ ಅದನ್ನೇ ಮಾಡುತ್ತೇನಲ್ಲ, ನನಗೆ ವಿಚಿತ್ರವೆನಿಸಲಿಲ್ಲ.

ಹುಲಿಯ ಮೀಸೆಗೆ ಕೈ ಹಾಕಿದ್ದು ಕೊನೆಗೆ. ಮೀಸೆ ಬಿಳಿಯದು, ಬರೀ ಸಫೇದಾದ್ದು. ಒಂದೊಂದು ಕೂದಲಿಗೂ ತುಟಿ ಕೊಟ್ಟು, ಉಸಿರು ಹಿಡಿದು ಎಳೆದರು. ನೋಡುವವರ ಎಡಗಡೆಯ ಕೆನ್ನೆ ಮುಗಿಯಿತು. ಗಾಜಿನ ಬೆಳಕು ಬಿದ್ದರೆ ಆ ಕೂದಲು ಅಲುಗಿದಂತೆ ಕಾಣುತ್ತಿತ್ತು. ಸುಳ್ಳಲ್ಲ, ನಾನು ಬೆರಳು ಚಾಚಿ ಮುಟ್ಟಲು ಹೋಗಿ ಬೈಸಿಕೊಂಡಿದ್ದೇನೆ.

ಬಲಗಡೆಯ ಕೆನ್ನೆ ಶುರುಮಾಡುವ ಮೊದಲೇ ಸಾಹೇಬರು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದರು.

ಹೊಟ್ಟೆನೋವು ಹೊಸದಲ್ಲ. ಹಲವು ತಿಂಗಳಿಂದ ಬಂದು ಹೋಗಿ ಮಾಡುತ್ತಿತ್ತು. ಮಧ್ಯಾಹ್ನ ಮಂಡಕ್ಕಿ ಮೆಣಸಿನಕಾಯಿ ತಿಂದು ಕೆಲಸಕ್ಕೆ ಕೂಡುತ್ತಿದ್ದರಲ್ಲ, ನಾವೆಲ್ಲ ಅದರ ಮೇಲೆ ಹೊರಿಸಿದ್ದೆವು. "ಖಾರ ಬಿಡ್ರಿ" ಎಂದು ನಾನು ಮಜ್ಜಿಗೆ ಕೊಡುತ್ತಿದ್ದೆ. ಬಲಗೈ ಮಣಿಕಟ್ಟು ಆಗಾಗ ಸೋತು ಜೋತುಬೀಳುತ್ತಿತ್ತು. ಅದಕ್ಕೆ ಕೆಲಸದ ದಣಿವು ಎಂದುಕೊಂಡೆವು. ಆ ದಿನ ಮಾತ್ರ ಮನುಷ್ಯ ಮೀನಿನಂತೆ ಹೊರಳಾಡಿದರು. ನಮ್ಮನೆಯವರು ಜಟಕಾ ಮಾಡಿಕೊಂಡು ಪಿ.ಜೆ. ಬಡಾವಣೆಯ ಡಾಕ್ಟರ ಹತ್ತಿರ ಕರೆದೊಯ್ದರು.

ಅಲ್ಲಿ ನಡೆದುದನ್ನು ನಮ್ಮನೆಯವರು ಬಂದು ಹೇಳಿದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಆಮೇಲೆ ಕೆಳತುಟಿ ಹಿಡಿದು ಜಗ್ಗಿದರಂತೆ. ಒಸಡಿನ ಅಂಚಿಗೆ ಶಾಯಿಯಲ್ಲಿ ಗೀಟು ಎಳೆದ ಹಾಗೆ ನೀಲಿಗಪ್ಪು ಗೆರೆ.

"ಬಾಯಿಗೆ ಏನು ಇಟ್ಕೊಂತೀರಿ?"

"ಏನಿಲ್ಲ ಡಾಕ್ಟರೆ. ಬೀಡಿ ಸೈತ ಸೇದಲ್ಲ."

"ಕೆಲಸ ಏನು?"

ಪರದೆ ಬರೆಯುವುದು ಎಂದೊಡನೆ ಡಾಕ್ಟರು ತುಟಿ ಬಿಟ್ಟರಂತೆ. ಸಫೇದಾದಲ್ಲಿ ಸೀಸವಿರುತ್ತದೆ, ವರ್ಷಗಟ್ಟಲೆ ಅದನ್ನೇ ತಿಂದಿದ್ದೀರಿ, ಇನ್ನು ಮೇಲೆ ಪುಡಿಯ ಹತ್ತಿರ ಹೋಗಬೇಡಿ, ಕುಂಚವನ್ನಂತೂ ಬಾಯಿಗೆ ತರಲೇಬೇಡಿ ಎಂದರು. ಕೈ ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಮಾತ್ರೆ ಬರೆದು ಕೊಟ್ಟರಂತೆ.

ಎರಡು ದಿನ ಬಿಟ್ಟು ಸಾಹೇಬರ ಹೆಂಡತಿ ಬಂದರು. ಹಿತ್ತಲ ಬಾಗಿಲಿನಿಂದ ಬಂದು ಅಡುಗೆಮನೆಯಲ್ಲಿ ಕೂತರು. ನಡುವಿನ ಬಾಗಿಲು ತೆರೆದಿತ್ತು. ಅವರು ಅದಕ್ಕೆ ಬೆನ್ನು ಹಾಕಿ ಕೂತದ್ದನ್ನು ನೋಡಿ, "ಸಾಹೇಬ್ರ ಹುಲಿ ನೋಡ್ರಿ ಅಕ್ಕಾ" ಎಂದೆ.

"ಬ್ಯಾಡವ್ವ. ನಾ ಅವರು ಬರೆದಿದ್ದು ಒಂದೂ ನೋಡಿಲ್ಲ. ಜೀವ ಇರೋದನ್ನ ಬರೀಬಾರದು ಅಂತಿದ್ರು ನಮ್ಮಪ್ಪ. ಅದಕೇ ಈ ಬ್ಯಾನೆ ಬಂತೋ ಏನೋ..."

ಡಾಕ್ಟರ ಸೀಸವೂ ಅವರಪ್ಪನ ಮಾತೂ ಅವರ ತಲೆಯಲ್ಲಿ ಒಂದೇ ಆಗಿಬಿಟ್ಟಿದ್ದವು. ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು: "ನನ್ನ ತಲೆ ಮ್ಯಾಲೆ ಕೈ ಇಡಿಸಿ ಕಸಮ್ ಹಾಕಿಸೀನಿ. ಕುಂಚ ಬಾಯಿಗೆ ಇಟ್ರೆ ನನ್ನ ಮಾರಿ ನೋಡಬ್ಯಾಡ್ರಿ ಅಂದೀನಿ. ಕೆಲಸ ಬಿಡ್ರಿ ಅಂದ್ರೆ ಕೇಳಲ್ಲ, ಹುಲಿ ಮುಗಿಸ್ತೀನಿ ಅಂತಾರೆ. ಅವರಿಗೆ ತಿಳೀದಂಗೆ ಬಾಯಿಗೆ ಹೋಗಿಬಿಡ್ತೈತವ್ವ, ಚಟ ಅದು. ನೀ ಒಂಚೂರು ಕಣ್ಣಿಡು."

ಆ ಕೆಲಸ ನನ್ನ ಪಾಲಿಗೆ ಬಂತು. ಹಿರಿಯರನ್ನು ಬೈಯುವುದು ಹೇಗೆ? ಅದಕ್ಕೆ ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತು, ಕುಂಚ ತುಟಿಯ ಕಡೆ ಏರಿದಾಗ ಕೆಮ್ಮುತ್ತಿದ್ದೆ. ಅವರು ಬೆಚ್ಚಿ ಕೈ ಇಳಿಸುವರು.

"ಬೇಟಿ, ನಿಮಗೆ ಕೆಮ್ಮು ಬಹಳ ಆಗೈತೆ. ಡಾಕ್ಟರಿಗೆ ತೋರಿಸ್ರಿ" ಎನ್ನುವರು. ಇಬ್ಬರೂ ನಗುತ್ತಿದ್ದೆವು. ನಗು ಬೇಗ ಮುಗಿಯಿತು.

ತುಟಿ ಕೊಡದ ಕುಂಚ ಅವರ ಮಾತು ಕೇಳಲಿಲ್ಲ. ನೀರಿಗೆ ಅದ್ದಿ ಬೆರಳಲ್ಲಿ ಹಿಂಡಿ ನೋಡಿದರು. ಕತ್ತರಿಯಿಂದ ಕೂದಲು ಕಡಿಮೆ ಮಾಡಿದರು. ಎಳೆದ ಗೆರೆಯೆಲ್ಲ ಪೊರಕೆಕಡ್ಡಿಯಂತೆ ದಪ್ಪ. ಸಾಲದ್ದಕ್ಕೆ ಮಣಿಕಟ್ಟು ನಿಲ್ಲುತ್ತಿರಲಿಲ್ಲ. ಬಿದಿರಿನ ದಬ್ಬೆ ಇಟ್ಟು ಬಟ್ಟೆಯಿಂದ ಕಟ್ಟಿಕೊಡಿ ಎಂದು ಕೈ ಚಾಚಿದರು, ನಾನೇ ಕಟ್ಟಿದೆ. ಆ ಕೈಯಲ್ಲಿ ತೂಕವೇ ಇರಲಿಲ್ಲ. ಕಟ್ಟಿದ ಕೈಯಲ್ಲೂ ಎಳೆದು, ನೋಡಿ, ಚಾಕುವಿನಿಂದ ಹೆರೆದು ತೆಗೆದರು. ಮತ್ತೆ ಎಳೆದು ಮತ್ತೆ ಹೆರೆದರು. ಆ ಕೆನ್ನೆಯ ಬಣ್ಣವೇ ಸವೆದು ಬಟ್ಟೆಯ ನೂಲು ಕಾಣತೊಡಗಿತು.

ನಮ್ಮನೆಯವರು "ಸಾಕು ಬಿಡ್ರಿ ಸಾಹೇಬ್ರೆ, ಫೋಟೋದಾಗ ಯಾರು ಮೀಸೆ ನೋಡ್ತಾರೆ" ಎಂದರು. ಸಾಹೇಬರು ಮತ್ತೆ ಚಾಕು ಎತ್ತಿಕೊಂಡರು.

ಒಂದು ಮಧ್ಯಾಹ್ನ... ಅದನ್ನು ನಾನು ಮರೆತಿಲ್ಲ. ಊಟದ ಹೊತ್ತು, ಸ್ಟುಡಿಯೋದಲ್ಲಿ ಬೇರೆ ಯಾರೂ ಇರಲಿಲ್ಲ. ಸಾಹೇಬರು ಸಫೇದಾಕ್ಕೆ ಕುಂಚ ಅದ್ದಿದರು. ಎಡಗೈಯಿಂದ ಬಲಗೈಯನ್ನು ಹಿಡಿದು, ಕುಂಚವನ್ನು ತುಟಿಯ ತನಕ ತಂದರು. ಈ ಸಲ ಮರೆತು ತಂದದ್ದಲ್ಲ. ತಂದು ನಿಲ್ಲಿಸಿ, ನನ್ನನ್ನು ನೋಡಿದರು.

ನನಗೆ ಕೆಮ್ಮಬೇಕೆಂದು ಗೊತ್ತು. ಕೆಮ್ಮಲಿಲ್ಲ. ಆ ಇನ್ನೊಂದು ಕೆನ್ನೆಗೆ ಮೀಸೆ ಬರಲಿ ಎಂದು ನನಗೂ ಆಸೆಯಿತ್ತು. ಅವರ ಮುಖದ ಮೇಲೆ ಮತ್ತೊಮ್ಮೆ ಆ ಎಡಗೆನ್ನೆ ಮುಗಿದ ದಿನದ ಕಳೆ ಕಾಣಬೇಕಿತ್ತು. ಹುಲಿ ನಮ್ಮಿಬ್ಬರನ್ನೂ ನೋಡುತ್ತಿತ್ತು. ಕೊನೆಗೆ ಸಾಹೇಬರೇ ಕೈ ಇಳಿಸಿದರು. ಕುಂಚವನ್ನು ನೀರಿನ ಡಬ್ಬಿಗೆ ಹಾಕಿ, ಕಲಕಿ, ಬಟ್ಟೆಗೆ ಒರೆಸಿದರು.

"ಇವತ್ತು ಕೆಮ್ಮು ಬರಲಿಲ್ಲೇನು ಬೇಟಿ?"

"ಬರಲಿಲ್ಲ ಸಾಹೇಬ್ರೆ."

"ನನಗೂ ಬರಲಿಲ್ಲ, ಕಸಮ್ ಮುರಿಯೋ ಮನಸು" ಎಂದರು. ಆ ಸಂಜೆ ಕುಂಚಗಳನ್ನೆಲ್ಲ ಚೀಲಕ್ಕೆ ತುಂಬಿದರು.

ಹೊಸ ಪರದೆಯ ಮುಂದೆ ಮೊದಲ ಫೋಟೋ ಮನೆಯವರದೇ ಆಗಬೇಕೆಂಬುದು ನಮ್ಮನೆಯವರ ಕಟ್ಟಳೆ. ಮರುದಿನ ನಾನು ಮದುವೆಯ ಸೀರೆ ಉಟ್ಟೆ. ಅವರು ಕೋಟು ಹಾಕಿದರು. ಗುಂಡಿ ಒತ್ತುವ ಕಾಲವಲ್ಲ ಅದು. ಕ್ಯಾಮೆರಾದಿಂದ ಇಳಿಬಿದ್ದ ಕೊಳವೆಯ ತುದಿಗೆ ರಬ್ಬರಿನ ಬುಗ್ಗೆ ಇರುತ್ತಿತ್ತು. ಅದನ್ನು ಹಿಚುಕಿದರೆ ಫೋಟೋ. ನಮ್ಮನೆಯವರು ಎಲ್ಲ ಹೊಂದಿಸಿ, ಬುಗ್ಗೆಯನ್ನು ಸಾಹೇಬರ ಕೈಗೆ ಕೊಟ್ಟು ನನ್ನ ಪಕ್ಕಕ್ಕೆ ಬಂದು ನಿಂತರು.

ಸಾಹೇಬರು ಪರದೆಯನ್ನೂ ನಮ್ಮನ್ನೂ ನೋಡಿದರು. "ಬೇಟಿ, ಒಂಚೂರು ನನ್ನ ಬಲಕ್ಕೆ ಬರ್ರಿ. ಇನ್ನೊಂಚೂರು. ಹಾಂ... ಅಲ್ಲೇ ನಿಲ್ರಿ. ಆ ಕಡೆ ಕೆನ್ನೆ ಕಾಣಬಾರದು."

ಬರಿಗೆನ್ನೆ ನನ್ನ ಭುಜದ ಹಿಂದೆ ಮರೆಯಾಯಿತು. ಅವರು ಬುಗ್ಗೆ ಹಿಚುಕಲು ಹೋದರು. ಬೆರಳಲ್ಲಿ ಬಲವಿರಲಿಲ್ಲ. ಆಗಲಿಲ್ಲ. ಕಡೆಗೆ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಎದೆಗೆ ಅವುಚಿ, ಭಾರ ಹಾಕಿ ಒತ್ತಿದರು. ಕೋಟು ಹಾಕಿ ಠೀವಿಯಿಂದ ನಿಂತಿದ್ದ ನಮ್ಮನೆಯವರ ಕಣ್ಣಲ್ಲಿ ನೀರು ಬಂದದ್ದು ನನಗೆ ಗೊತ್ತಾಯಿತು.

ಸಾಹೇಬರು ಮತ್ತೆ ದಾವಣಗೆರೆಗೆ ಬರಲಿಲ್ಲ. ಬಲಗೈಯಾದ ಮೇಲೆ ಎಡಗೈ ಹೋಯಿತು. ಊಟವನ್ನೂ ಹೆಂಡತಿಯೇ ಮಾಡಿಸಬೇಕಾಯಿತು. ನಮ್ಮನೆಯವರು ಹರಿಹರಕ್ಕೆ ನೋಡಲು ಹೋದಾಗ ಹೊಳೆಯ ಕಡೆಯ ಕಟ್ಟೆಯ ಮೇಲೆ ಕೂತಿದ್ದರಂತೆ, ಕೈ ತೊಡೆಯ ಮೇಲೆ ಬಿದ್ದಿತ್ತಂತೆ. ಪರದೆ ನೋಡಿ ಜನ ಏನಂತಾರೆ ಎಂದು ಕೇಳಿದರಂತೆ. ಹುಲಿಗೆ ಹೆದರಿ ಮಕ್ಕಳು ಅಳುತ್ತವೆ ಎಂದು ಇವರು ಹೇಳಿದರು. ಅದು ನಿಜವೇ. ಮರುವರ್ಷ ಹೊಳೆ ತುಂಬಿ ಹರಿಯುವ ದಿನಗಳಲ್ಲಿ ಸುದ್ದಿ ಬಂತು. ಮಣ್ಣಿಗೆ ಹೋಗಿ ಬಂದ ನಮ್ಮನೆಯವರು ಆ ದಿನ ಸ್ಟುಡಿಯೋ ತೆಗೆಯಲಿಲ್ಲ.

ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಕುಂಚ ಬಿಟ್ಟರೆ ಉಳಿಯುತ್ತಾರೆ ಎಂದು ಬಿಡಿಸಿದೆವು. ಬಿಟ್ಟರು. ಉಳಿಯಲಿಲ್ಲ. ಕೈ ಹೋದ ಮೇಲೆ ಬದುಕಿದ್ದ ಅಷ್ಟು ದಿನವೂ ಆ ಅರ್ಧ ಮೀಸೆ ಅವರ ಮುಂದೆ ಇದ್ದಿರಬೇಕು.

ಇದ್ದತ್ತಿನ ದಿನಗಳು, ಅಂದರೆ ಗಂಡ ಸತ್ತ ಮೇಲೆ ಅವರಲ್ಲಿ ಹೆಂಗಸರು ಹೊರಗೆ ಬಾರದೆ ಕೂರುವ ನಾಲ್ಕು ತಿಂಗಳು ಚಿಲ್ಲರೆ, ಮುಗಿದ ಮೇಲೆ ಅವರ ಹೆಂಡತಿ ಬಂದರು. ಈ ಸಲ ಮುಂದಿನ ಬಾಗಿಲಿನಿಂದ. ಬುರ್ಖಾದ ಮುಸುಕು ಎತ್ತಿ, "ಹುಲಿ ಎಲ್ಲೈತವ್ವ?" ಎಂದರು.

ನಾನು ಕುರ್ಚಿ ಹೂಕುಂಡಗಳನ್ನು ಪಕ್ಕಕ್ಕೆ ಸರಿಸಿದೆ. ಅವರು ಬೆಟ್ಟದ ಮುಂದೆ ಬಹಳ ಹೊತ್ತು ನಿಂತರು. ಗಂಡನ ಕೈಕೆಲಸವನ್ನು ಆ ಹೆಂಗಸು ಮೊದಲು ನೋಡಿದ್ದು ಅಂದೇ. ಎಡಗೆನ್ನೆಯ ಮೀಸೆಯ ಹತ್ತಿರ ಮುಖ ಒಯ್ದು ನೋಡಿದರು. ಮುಟ್ಟಲಿಲ್ಲ. ಆಮೇಲೆ ಬಲಗಡೆಗೆ ಬಂದು, ಹೆರೆದು ಹೆರೆದು ನೂಲೆದ್ದಿದ್ದ ಜಾಗದ ಮೇಲೆ ಅಂಗೈ ಇಟ್ಟರು.

"ಈ ಕಡೆ ಯಾಕ ಖಾಲಿ ಐತೆ?"

ನಾನು ಹೇಳಿದೆ. ಆ ಮಧ್ಯಾಹ್ನದ್ದನ್ನೂ ಹೇಳಿದೆ, ಕುಂಚ ತುಟಿಯ ತನಕ ಬಂದು ಇಳಿದದ್ದನ್ನು. ಅವರು ಕೈ ತೆಗೆಯಲಿಲ್ಲ.

"ಹೆಂಗೂ ಹೋಗೋರು ಹೋದ್ರು. ಇದನ್ನ ಬರೆದಾದ್ರೂ ಹೋಗಬೇಕಿತ್ತವ್ವ. ನಾ ಯಾಕ ಕಸಮ್ ಹಾಕಿಸಿದ್ನೋ..." ಎಂದರು. ಆಮೇಲೆ, ನನಗಲ್ಲ, ಹುಲಿಗೆ ಹೇಳುವಂತೆ ಹೇಳಿದರು: "ಆ ಕಡೆದು ಅವರದು. ಈ ಕಡೆದು ನಂದು."

ನಮ್ಮನೆಯವರು ಒಳಗೆ ಫೋಟೋದ ಗಾಜಿನ ಪ್ಲೇಟು ತೊಳೆಯುತ್ತಿದ್ದವರು ಬಾಗಿಲಿಗೆ ಬಂದು ಕೇಳಿಸಿಕೊಂಡಿದ್ದರು. ಅದುವರೆಗೆ ಕೂರುವ ಕುರ್ಚಿಯನ್ನು ಬಲಗಡೆ ಇಡುತ್ತಿದ್ದೆವು, ಬರಿಗೆನ್ನೆ ಮರೆಯಾಗಲೆಂದು. ಮರುದಿನದಿಂದ ಅವರು ಕುರ್ಚಿಯನ್ನು, ಎರಡೂ ಕೆನ್ನೆ ಕಾಣುವಷ್ಟು, ಎಡಕ್ಕೆ ಹಾಕಿದರು. "ಹುಲಿ ಮೀಸೆ ಯಾರು ಕಿತ್ಕೊಂಡ್ರಿ?" ಎಂದು ಹಳ್ಳಿಯವರು ನಗುತ್ತಿದ್ದರು. ಇವರು ಮುಖ ಗಂಟು ಹಾಕಿಕೊಂಡು "ಅದು ಹಂಗೇ ಐತೆ, ಕೂಡ್ರಿ" ಎನ್ನುತ್ತಿದ್ದರು. ಬೇರೆ ಯಾರಿಂದಲಾದರೂ ಬರೆಸಿ ಎಂದವರ ಮಾತನ್ನು ಕೇಳಲೇ ಇಲ್ಲ.

ಬಣ್ಣದ ಫೋಟೋ ಬಂತು, ಬೂದಿಯ ಬೆಟ್ಟ ಯಾರಿಗೂ ಬೇಡವಾಯಿತು. ಪರದೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದೆವು. ವಜ್ರದ ಅಂಟಿಗೆ ಇಲಿ ಬೀಳುತ್ತವೆ ಎಂಬುದು ನಮಗೆ ತೋಚಲಿಲ್ಲ. ನಮ್ಮನೆಯವರು ತೀರಿಕೊಂಡ ವರ್ಷ ನಾನು ಅದನ್ನು ಇಳಿಸಿ ಬಿಚ್ಚಿದರೆ ಬೆಟ್ಟ ಚೂರುಚೂರಾಗಿ ಕೈಗೆ ಬಂತು. ಹುಲಿ ಇದ್ದ ಕಡೆ ತೂತು. ಸಫೇದಾ ತಿಂದ ಆ ಇಲಿಗಳು ಏನಾದವೋ.

ಪಕ್ಕದ ಮನೆಯ ಬಡಗಿ ಕೆಲಸ ಮುಗಿಸಿ ಹೋಗಿ ನಾಲ್ಕು ದಿನವಾಯಿತು. ವಾಸನೆ ಹೋಗಿದೆ. ನಾನು ಪೆಟ್ಟಿಗೆ ತೆಗೆದು ನಮ್ಮ ಮೊದಲ ಫೋಟೋ ಹುಡುಕಿ ಇಟ್ಟುಕೊಂಡಿದ್ದೇನೆ. ಆ ಪರದೆಯದೆಂದು ನನ್ನಲ್ಲಿ ಉಳಿದಿರುವುದು ಇದೊಂದೇ. ಅವರು ಭಾರ ಹಾಕಿ ಒತ್ತುವಷ್ಟರಲ್ಲಿ ನಾವಿಬ್ಬರೂ ತುಸು ಅಲುಗಿದ್ದೇವೆ, ಪರದೆ ಅಲುಗಿಲ್ಲ. ಕೋಟಿನ ನಮ್ಮನೆಯವರು, ಹಿಂದೆ ಸಾಲು ಬೆಟ್ಟ, ಆಡಿನಂಥ ಜಿಂಕೆ, ಹುಲಿಯ ಎಡಗೆನ್ನೆಯ ಮೀಸೆ. ಸೊಸೆ ಕನ್ನಡಕ ಹಾಕಿಕೊಂಡು ನೋಡಿ, ಎಷ್ಟು ಚೆನ್ನಾಗಿ ಬರೆದಿದ್ದಾರಲ್ಲ ಅತ್ತೆ, ಒಂದೊಂದು ಕೂದಲೂ ಕಾಣುತ್ತದೆ ಎಂದಳು.

ಕಾಣುತ್ತದೆ. ಬಲಗೆನ್ನೆ ಮಾತ್ರ ಕಾಣುವುದಿಲ್ಲ. ಅಲ್ಲಿ ನಾನು ನಿಂತಿದ್ದೇನೆ, ಮದುವೆಯ ಸೀರೆಯಲ್ಲಿ, ಸಾಹೇಬರು ನಿಲ್ಲೆಂದ ಜಾಗದಲ್ಲೇ. ಒಂದು ಗೇಣು ಸರಿದು ನಿಂತಿದ್ದರೆ, ಅವರ ಹೆಂಡತಿ ನಂದು ಎಂದ ಆ ಕೆನ್ನೆಯೂ ಇದರಲ್ಲಿ ಉಳಿದಿರುತ್ತಿತ್ತು...